ತಪ್ಪಿನ ಲೆಕ್ಕ ಇಟ್ಟ ಮೇಲೆ

ಪುಣೆಯ ನಮ್ಮ ಸೊಸೈಟಿಯಲ್ಲಿ ಪ್ರತಿ ಭಾನುವಾರ 9 ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ವರ್ಣಮಾಲೆ, ಕಾಗುಣಿತ ಸಲೀಸಾಗಿ ಮುಗಿದವು. ಒತ್ತಕ್ಷರಕ್ಕೆ ಬಂದಾಗ ಎಲ್ಲರೂ ಎಡವಿದರು. ‘ಮನೆಯಲ್ಲಿ ಓದಿಸುವುದಿಲ್ಲ’ ಎಂದು ಪೋಷಕರನ್ನು ದೂರಿದೆ. ಒಬ್ಬ ಹುಡುಗ ಬರುವುದನ್ನೇ ನಿಲ್ಲಿಸಿದ.

ಧಾರವಾಡದಲ್ಲಿ ಶಿಕ್ಷಕಿಯಾಗಿರುವ ಅಕ್ಕನಿಗೆ ಫೋನಿನಲ್ಲಿ ಹೇಳಿಕೊಂಡೆ. ‘ಕೋಡ್‌ನಾಗ ತಪ್ಪು ಬಂದ್ರ ಕಂಪ್ಯೂಟರಿಗೆ ಬೈತಿಯೇನು? ಲಾಗ್ ನೋಡ್ತಿ ಹೌದಿಲ್ಲೊ? ಹಂಗ ಹುಡುಗರ ತಪ್ಪು ಬರದಿಡು’ ಎಂದಳು. ಶಿಕ್ಷಕರು ಇದನ್ನು ಕ್ರಿಯಾ ಸಂಶೋಧನೆ ಎನ್ನುತ್ತಾರೆ. ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1946ರಲ್ಲೇ ಇದರ ಬಗ್ಗೆ ಪ್ರಬಂಧ ಬರೆದಿದ್ದರು. ಯೋಜನೆ, ಪ್ರಯೋಗ, ವೀಕ್ಷಣೆ, ಪರಾಮರ್ಶೆ, ಮತ್ತೆ ಮೊದಲಿನಿಂದ. ಪರೀಕ್ಷೆಗೆ ಕೂರುವುದು ಮೇಷ್ಟ್ರ ಪಾಠವೇ.

ಎರಡು ಭಾನುವಾರ ತಪ್ಪುಗಳನ್ನಷ್ಟೇ ಬರೆದುಕೊಂಡೆ. ‘ಅಕ್ಕ’ ಸರಿ, ‘ಅಕ್ಕಿ’ ಮಾತ್ರ ‘ಅಕಿಕ’. ಗುಡಿಸು ಕಾಣುವುದು ಮೇಲಿನ ಅಕ್ಷರದಲ್ಲಿ, ಉಚ್ಚರಿಸುವುದು ಕೆಳಗಿನ ಒತ್ತಿನ ನಂತರ. ಶಾಲೆಯಲ್ಲಿ ದೇವನಾಗರಿ ಓದುವ ಮಕ್ಕಳಿಗೆ ಈ ಜೋಡಣೆ ಹೊಸದು. ನಾನದನ್ನು ಹೇಳಿಕೊಟ್ಟೇ ಇರಲಿಲ್ಲ.

ಮುಂದಿನ ನಾಲ್ಕು ವಾರ ಒಂದನ್ನೇ ಬದಲಿಸಿದೆ. ಕ್, ಕ್, ಇ ಎಂದು ಬಿಡಿ ಚೀಟಿ ಕೊಟ್ಟು, ಮಕ್ಕಳಿಂದಲೇ ಜೋಡಿಸಿ ಓದಿಸಿದೆ. 6 ಮಕ್ಕಳು ತಡವರಿಸದೆ ಓದಿದರು. ಇಬ್ಬರಿಗೆ ಇನ್ನೂ ಕಷ್ಟ. ಅವರಿಗಾಗಿ ಎರಡನೇ ಸುತ್ತು ಶುರುವಾಗಿದೆ.

ಬಿಟ್ಟುಹೋದ ಹುಡುಗನ ಮನೆಗೆ ಹೋಗಿ, ತಪ್ಪು ನನ್ನದೆಂದು ಹೇಳಿದೆ. ಕಳೆದ ಭಾನುವಾರ ಬಂದಿದ್ದ. ಚೀಟಿ ಜೋಡಿಸಿ ಅವನು ಮೊದಲು ಓದಿದ ಪದ ‘ಅಜ್ಜಿ’. ಸಂಜೆ ಊರಿಗೆ ಫೋನ್ ಮಾಡಿ, ಅಜ್ಜಿಗೇ ಅದನ್ನು ಓದಿ ಹೇಳಿದನಂತೆ.