ಸಂಘಗಳ ತವರುಮನೆ

ಸ್ವಸಹಾಯ ಸಂಘದ ಹೆಣ್ಣುಮಕ್ಕಳು ವಾರದ ಸಭೆಗೆ ಜಮಖಾನ ಹಾಸುತ್ತಾರೆ. ಉಳಿತಾಯದ ಹಣ ಎಣಿಸಿ, ಸಾಲ ಕೇಳಿದವರ ಅಗತ್ಯವನ್ನು ತೂಗಿ ನೋಡಿ, ಠರಾವು ಬರೆದು ಎಲ್ಲರೂ ಸಹಿ ಹಾಕುತ್ತಾರೆ. ಕರ್ನಾಟಕದ ಹಳ್ಳಿಗಳಲ್ಲಿ ಇದು ಈಗ ಕಳೆ ಕೀಳುವಷ್ಟೇ ವಾಡಿಕೆಯ ಕೆಲಸ. ಆದರೆ ಸಂಘ ಕಟ್ಟುವುದು ಒಂದು ದಿನದ ಉತ್ಸಾಹ, ನಡೆಸುವುದು ಹತ್ತಾರು ವರ್ಷದ ಪಾಡು. ಲೆಕ್ಕ ತಾಳೆಯಾಗದಿದ್ದಾಗ, ಬ್ಯಾಂಕಿಗೆ ಅಲೆದು ಸಾಕಾದಾಗ, ಸದಸ್ಯರು ಒಬ್ಬರಿಗೊಬ್ಬರು ಮಾತು ಬಿಟ್ಟಾಗ ಯಾರ ಹತ್ತಿರ ಹೋಗಬೇಕು? ಮೈರಾಡ ಸಂಸ್ಥೆಯ ನೆರವಿನಿಂದ ಹುಟ್ಟಿದ ಸಂಪನ್ಮೂಲ ಕೇಂದ್ರಗಳ ಇತಿಹಾಸ ಈ ಪ್ರಶ್ನೆಯ ಬೆನ್ನು ಹತ್ತಿ ಹೋದದ್ದು.

ಮುರಿದು ಬಿದ್ದಲ್ಲಿ ಮೊಳಕೆ

ಮೈರಾಡ ಶುರುವಾದದ್ದು 1968ರಲ್ಲಿ. ನೆಲೆ ಕಳೆದುಕೊಂಡು ಬಂದ ಟಿಬೆಟನ್ನರಿಗೆ ಪುನರ್ವಸತಿ ಕಲ್ಪಿಸುವ ಸರ್ಕಾರದ ಕೆಲಸಕ್ಕೆ ಹೆಗಲು ಕೊಡುವುದು ಆಗಿನ ಉದ್ದೇಶ. ಆ ಕೆಲಸ ಮುಗಿಯುತ್ತ ಬಂದಂತೆ ಸಂಸ್ಥೆ ನಮ್ಮದೇ ಹಳ್ಳಿಗಳ ಬಡವರ ಕಡೆ ತಿರುಗಿತು. 1982ರಿಂದ ಅಲೋಶಿಯಸ್ ಪ್ರಕಾಶ್ ಫರ್ನಾಂಡಿಸ್ ಅದರ ನೇತೃತ್ವ ವಹಿಸಿದರು.

ಅದು ಬೆಳೆಸಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು 1984–85ರ ಹೊತ್ತಿಗೆ ಒಡೆದವು. ಒಬ್ಬಿಬ್ಬರೇ ಯಜಮಾನಿಕೆ ನಡೆಸುವ ಸಂಘಕ್ಕೆ ಹಣ ಕಟ್ಟುವುದಿಲ್ಲ, ಬೇಕಾದರೆ ನಿಮಗೇ ಕಟ್ಟುತ್ತೇವೆ ಎಂದು ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಮೈರಾಡದವರ ಬಳಿ ಬಂದರು. ಹಾಗೆ ಜೊತೆಗೂಡಿ ಬಂದ ಗುಂಪಿನಲ್ಲೇ ಹಣವಿಟ್ಟುಕೊಂಡು ನೀವೇ ಯಾಕೆ ನಡೆಸಬಾರದು ಎಂಬ ಮಾತು ಆಗ ಮೈರಾಡದವರಿಂದ ಬಂತು. ಒಬ್ಬರ ಮೇಲೊಬ್ಬರಿಗಿದ್ದ ನಂಬಿಕೆಯೇ ಮುಂದೆ ಸ್ವಸಹಾಯ ಸಂಘ ಎನಿಸಿದ ಆ ಗುಂಪುಗಳ ಮೂಲ ಬಂಡವಾಳ. 1987ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್ ನಬಾರ್ಡ್ 10 ಲಕ್ಷ ರೂಪಾಯಿ ಕೊಟ್ಟು ಈ ಪ್ರಯೋಗಕ್ಕೆ ಬಲ ತುಂಬಿತು. 1992ರಲ್ಲಿ ದೇಶದ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮ ಹೊರಟಿತು. 2000–01ರಲ್ಲಿ ಮಹಿಳಾ ಸ್ವಸಹಾಯ ಸಂಘಗಳನ್ನು ಕಟ್ಟುವ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂದ ಮೇಲಂತೂ ಸಂಘವಿಲ್ಲದ ಊರು ಅಪರೂಪವಾಯಿತು.

ಶುಲ್ಕ ಕೊಟ್ಟು ಪಡೆದ ಹಕ್ಕು

ಸಂಘಗಳು ಬೆಳೆದಂತೆ ಚಿಂತೆಯೂ ಬೆಳೆಯಿತು. ಸ್ವಯಂಸೇವಾ ಸಂಸ್ಥೆಯ ಯೋಜನೆಗೆ ಅವಧಿ ಇರುತ್ತದೆ, ಸಂಘದ ಬದುಕಿಗೆ ಇರಬಾರದು. ಕಾರ್ಯಕರ್ತರು ಗಂಟುಮೂಟೆ ಕಟ್ಟಿದ ಮರುದಿನವೇ ಠರಾವು ಪುಸ್ತಕ ಅಟ್ಟ ಸೇರಿದರೆ ಮಾಡಿದ್ದೆಲ್ಲ ವ್ಯರ್ಥ. ಮೊದಲು ಹತ್ತಿರದ ಸಂಘಗಳ ಪ್ರತಿನಿಧಿಗಳು ಸೇರುವ ಒಕ್ಕೂಟಗಳು ಬಂದವು. 2000ರ ದಶಕದಲ್ಲಿ, ಸುಮಾರು ನೂರು ಸಂಘಗಳಿಗೆ ಒಂದರಂತೆ, ಸಮುದಾಯವೇ ನಿರ್ವಹಿಸುವ ಸಂಪನ್ಮೂಲ ಕೇಂದ್ರಗಳು ತಲೆ ಎತ್ತಿದವು.

ಅಲ್ಲಿ ನಡೆಯುವ ಕೆಲಸಗಳು ನೋಡಲು ಸಣ್ಣವು. ಪುಸ್ತಕ ಬರೆಯುವವರಿಗೆ ತರಬೇತಿ, ವರ್ಷದ ಲೆಕ್ಕ ತಪಾಸಣೆ, ಬ್ಯಾಂಕಿನೊಂದಿಗೆ ಓಡಾಟ, ಸರ್ಕಾರಿ ಯೋಜನೆಗಳ ಮಾಹಿತಿ, ಜಗಳವಾದ ಸಂಘದಲ್ಲಿ ರಾಜಿ. ಆದರೆ ಒಂದು ಸಂಘ ಉಳಿಯುವುದೂ ಅಳಿಯುವುದೂ ಇಂಥ ಸಣ್ಣ ಕೆಲಸಗಳಲ್ಲೇ. ಸಂಘಗಳ ಪ್ರತಿನಿಧಿಗಳೇ ಆಡಳಿತ ಸಮಿತಿಯಲ್ಲಿ ಕೂರುತ್ತಾರೆ. ಪಡೆದ ಸೇವೆಗೆ ಸಂಘಗಳು ಶುಲ್ಕ ಕಟ್ಟುತ್ತವೆ.

ಬಡವರಿಂದ ಶುಲ್ಕವೇ ಎಂದು ಯಾರಿಗಾದರೂ ಅನ್ನಿಸೀತು. ನನಗೆ ಈ ಇಡೀ ಇತಿಹಾಸದ ತಿರುಳು ಕಾಣುವುದು ಅಲ್ಲೇ. ಪುಕ್ಕಟೆ ಸಿಕ್ಕ ಸಹಾಯದ ಎದುರು ಕೈ ಮುಗಿಯಬೇಕಾಗುತ್ತದೆ. ದುಡ್ಡು ಕೊಟ್ಟು ಪಡೆದ ಸೇವೆ ಸರಿಯಿಲ್ಲದಿದ್ದರೆ ಎದ್ದು ನಿಂತು ಕೇಳಬಹುದು. ಒಂದು ಕಾಲಕ್ಕೆ ಸಹಕಾರ ಸಂಘದ ಯಜಮಾನಿಕೆಗೆ ಬೇಸತ್ತು ಹೊರಬಂದವರು ಬಯಸಿದ್ದು ಇದನ್ನೇ: ತಮ್ಮ ಹಣದ ಮೇಲೆ ತಮ್ಮ ಮಾತು ನಡೆಯಬೇಕು. ಇಪ್ಪತ್ತು ವರ್ಷ ಕಳೆದು ಆ ಮಾತಿಗೆ ಒಂದು ಕಟ್ಟಡ, ಒಂದು ಮೇಜು, ಒಂದು ರಸೀದಿ ಪುಸ್ತಕ ಸಿಕ್ಕಿತು.

ಕಷ್ಟ ಬಂದಾಗ ಹೆಣ್ಣುಮಕ್ಕಳು ನೆನೆಯುವುದು ತವರನ್ನು. ಆ ತವರು ಅಣ್ಣತಮ್ಮಂದಿರ ಮರ್ಜಿಯ ಮೇಲಿರುತ್ತದೆ. ಈ ಕೇಂದ್ರದ ಬಾಡಿಗೆ, ದೀಪದ ಬಿಲ್ಲು, ಬೀಗದ ಕೈ ಎಲ್ಲವೂ ಹೆಣ್ಣುಮಕ್ಕಳದೇ.