ಹದಿನಾರು ಲೇನು, ಪಾಲುದಾರರು ಹಲವರು



ಕಂಪ್ಯೂಟರಿನ ಮದರ್‌ಬೋರ್ಡ್ ಮೇಲೆ ಉದ್ದುದ್ದ ಸ್ಲಾಟುಗಳಿರೋದನ್ನು ನೀವು ನೋಡಿರಬಹುದು. ಗ್ರಾಫಿಕ್ಸ್ ಕಾರ್ಡ್ ಕೂರೋದು ಅಲ್ಲೇ. ಪಕ್ಕದಲ್ಲಿ ಬೆರಳುದ್ದದ ಎಸ್‌ಎಸ್‌ಡಿ ಕೂರಿಸೋಕೆ ಎಂ.2 ಎಂಬ ಚಿಕ್ಕ ಸ್ಲಾಟೂ ಇರುತ್ತದೆ. ಸ್ಲಾಟು ಖಾಲಿ ಇದ್ದರೆ ಏನನ್ನು ಬೇಕಾದರೂ ಸಿಕ್ಕಿಸಬಹುದು ಅಂತ ನಾವು ತಿಳಿಯುತ್ತೇವೆ. ಆದರೆ ಸ್ಲಾಟು ಬರೀ ಬಾಗಿಲು. ಅದರ ಹಿಂದಿನ ದಾರಿ ಯಾರ ಪಾಲಿನದು ಅಂತ ನೋಡಬೇಕು.

ಲೇನ್ ಅಂದರೇನು?

ಪ್ರೊಸೆಸರಿಗೂ ಕಾರ್ಡಿಗೂ ನಡುವೆ ಮಾಹಿತಿ ಓಡಾಡುವ ದಾರಿಗೆ ಪಿಸಿಐ ಎಕ್ಸ್‌ಪ್ರೆಸ್ ಎಂದು ಹೆಸರು. ಇದು 2003ರಲ್ಲಿ ಬಂತು. ಅದಕ್ಕೂ ಮುಂಚಿನ ಪಿಸಿಐನಲ್ಲಿ ಎಲ್ಲ ಕಾರ್ಡುಗಳಿಗೂ ಸೇರಿ ಒಂದೇ ದಾರಿ, ಸೆಕೆಂಡಿಗೆ 133 ಎಂಬಿ ಅಷ್ಟೆ. ಎಕ್ಸ್‌ಪ್ರೆಸ್‌ನಲ್ಲಿ ಲೇನುಗಳಿವೆ. ಒಂದೊಂದು ಲೇನಿನಲ್ಲೂ ಹೋಗೋಕೆ ಒಂದು ಜೊತೆ ತಂತಿ, ಬರೋಕೆ ಒಂದು ಜೊತೆ. ಮಾಗಡಿ ರಸ್ತೆಯಲ್ಲಿ ಹೋಗೋ ಬಸ್ಸು ಒಂದು ಕಡೆ, ಬರೋ ಬಸ್ಸು ಇನ್ನೊಂದು ಕಡೆ ಇದ್ದ ಹಾಗೆ. ಮೂರನೇ ತಲೆಮಾರಿನಲ್ಲಿ ಒಂದು ಲೇನು ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 1 ಜಿಬಿ ಸಾಗಿಸುತ್ತದೆ. ನಾಲ್ಕನೆಯದರಲ್ಲಿ 2, ಐದನೆಯದರಲ್ಲಿ 4. ದೊಡ್ಡ ಗ್ರಾಫಿಕ್ಸ್ ಕಾರ್ಡ್ 16 ಲೇನು ಕೇಳುತ್ತದೆ, ಎಂ.2 ಎಸ್‌ಎಸ್‌ಡಿ ಸಾಮಾನ್ಯವಾಗಿ 4.

ಈ ಲೇನುಗಳು ಹೊರಡೋದು ಎಲ್ಲಿಂದ? ಇಂಟೆಲ್ ಕಂಪನಿಯ ಬೆಂಗಳೂರಿನ ಎಂಜಿನಿಯರುಗಳು ವಿನ್ಯಾಸ ಮಾಡಿದ ಡನಿಂಗ್ಟನ್ ಎಂಬ ಆರು ಕೋರಿನ ಪ್ರೊಸೆಸರ್ 2008ರಲ್ಲಿ ಹೊರಬಂತು. ಆ ಕಾಲದ ಇಂಟೆಲ್ ಪ್ರೊಸೆಸರಿನೊಳಗೆ ಲೇನು ಇರಲಿಲ್ಲ, ಬೋರ್ಡಿನ ಮೇಲಿನ ಚಿಪ್‌ಸೆಟ್‌ನಲ್ಲಿ ಇರುತ್ತಿತ್ತು. 2009ರಲ್ಲಿ ಇಂಟೆಲ್‌ನ ಡೆಸ್ಕ್‌ಟಾಪ್ ಪ್ರೊಸೆಸರಿನ ಒಳಗೇ 16 ಲೇನು ಬಂದವು. ಎಎಂಡಿಯ ಎಎಂ4 ಬೋರ್ಡಿಗೆ ಕೂರುವ ಬಹುಪಾಲು ರೈಜನ್ ಪ್ರೊಸೆಸರುಗಳಲ್ಲಿ 24 ಲೇನುಗಳಿವೆ: ಗ್ರಾಫಿಕ್ಸಿಗೆ 16, ಒಂದು ಎಂ.2ಗೆ 4, ಚಿಪ್‌ಸೆಟ್‌ಗೆ 4. ಉಳಿದವರೆಲ್ಲ ಚಿಪ್‌ಸೆಟ್ ಮೂಲಕವೇ ಹೋಗಿ ಬರಬೇಕು.

ಹಂಚಿಕೆ ಮೂರು ಬಗೆ

ಮೊದಲನೆಯದು ಪಾಲು. ಅಣ್ಣ ತಮ್ಮಂದಿರು 16 ಗುಂಟೆ ಜಮೀನನ್ನು 8, 8 ಅಂತ ಪಾಲು ಮಾಡಿಕೊಂಡ ಹಾಗೆ. ಕೆಲವು ಬೋರ್ಡುಗಳಲ್ಲಿ ಐದನೇ ತಲೆಮಾರಿನ ಎಂ.2 ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದರೆ ಗ್ರಾಫಿಕ್ಸ್ ಕಾರ್ಡಿಗೆ 8 ಲೇನು ಮಾತ್ರ ಉಳಿಯುತ್ತದೆ. ಎಸ್‌ಎಸ್‌ಡಿ ಸುಮ್ಮನಿದ್ದರೂ ಅದರ ಪಾಲು ವಾಪಸ್ ಬರೋಲ್ಲ. ಇದಕ್ಕೆ ತುಂಬಾ ಹೆದರಬೇಕಿಲ್ಲ. ನಾಲ್ಕನೇ ತಲೆಮಾರಿನ 8 ಲೇನು, ಮೂರನೇ ತಲೆಮಾರಿನ 16 ಲೇನಿಗೆ ಸಮ. 2023ರಲ್ಲಿ ಬಂದ ಆರ್‌ಟಿಎಕ್ಸ್ 4060 ಕಾರ್ಡಿಗಂತೂ ಇರೋದೇ 8 ಲೇನು.

ಎರಡನೆಯದು ಸರದಿ. ಬೀದಿ ನಲ್ಲಿಯಲ್ಲಿ ಒಂದೇ ಮನೆಯವರು ಬಂದರೆ ಬಿಂದಿಗೆ ಬೇಗ ತುಂಬುತ್ತದೆ, ಹತ್ತು ಮನೆಯವರು ಬಂದರೆ ಕಾಯಬೇಕು. ಚಿಪ್‌ಸೆಟ್‌ಗೆ ಸೇರಿದ ಎಸ್‌ಎಸ್‌ಡಿ, ಹಾರ್ಡ್ ಡಿಸ್ಕು, ಯುಎಸ್‌ಬಿ, ನೆಟ್‌ವರ್ಕ್ ಎಲ್ಲಕ್ಕೂ ಪ್ರೊಸೆಸರಿಗೆ ಹೋಗೋ ದಾರಿ ಒಂದೇ. ಒಟ್ಟಿಗೆ ಕೆಲಸ ಮಾಡಿದರೆ ಮಾತ್ರ ನಿಧಾನವಾಗುತ್ತದೆ.

ಮೂರನೆಯದು ಇದು ಅಥವಾ ಅದು. ಎರಡು ಜಾಗಕ್ಕೆ ದಾರಿ ಒಂದೇ ಇರುತ್ತದೆ. ಒಂದನ್ನು ತುಂಬಿದರೆ ಇನ್ನೊಂದು ಪೂರ್ತಿ ಬಂದ್. ಜನ ಗಾಬರಿಯಾಗೋದು ಇದರಲ್ಲೇ.

ನಮ್ಮ ಮಾವ ಹೇರೋಹಳ್ಳಿಯಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡ್ತಾರೆ. ಕಂಪ್ಯೂಟರಿಗೆ ಹೊಸ ಎಂ.2 ಎಸ್‌ಎಸ್‌ಡಿ ಹಾಕಿಸಿದ ದಿನವೇ ಹಳೆಯ ಎರಡು ಹಾರ್ಡ್ ಡಿಸ್ಕುಗಳು ಕಾಣದಾದವು. ಇನ್ನೂ ಗಿರಾಕಿಗಳಿಗೆ ಕೊಡದ ನಾಲ್ಕು ಮದುವೆಗಳ ವಿಡಿಯೋ ಅದರಲ್ಲೇ ಇತ್ತು. ಮತ್ತೆ ತೆಗೆಯೋಣ ಅಂದರೆ ಮದುವೆ ಇನ್ನೊಂದು ಸಲ ಆಗುತ್ತದೆಯೇ? ಅಂಗಡಿಯೊಬ್ಬರು "ಡಿಸ್ಕ್ ಹೋಗಿದೆ ಸಾರ್, ಡೇಟಾ ತೆಗೆಸೋಕೆ ಸಾವಿರಾರು ರೂಪಾಯಿ ಆಗುತ್ತೆ" ಅಂದರು. ಮಾವ ಅವತ್ತು ಊಟಾನೂ ಮಾಡಲಿಲ್ಲ.

ಆ ರಾತ್ರಿ ನಾನೂ ಮಾವನೂ ನಿಘಂಟು ಪಕ್ಕದಲ್ಲಿಟ್ಟುಕೊಂಡು ಬೋರ್ಡಿನ ಕೈಪಿಡಿ ಓದಿದೆವು. ಎರಡನೇ ಎಂ.2 ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದರೆ ಐದು ಮತ್ತು ಆರನೇ ಸಾಟಾ ಪೋರ್ಟು ಕೆಲಸ ಮಾಡೋಲ್ಲ ಅಂತ ಒಂದು ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಎರಡೂ ಡಿಸ್ಕುಗಳು ಅಲ್ಲೇ ಇದ್ದವು! ಕರೆಂಟು ತೆಗೆದು ಕೇಬಲ್ಲನ್ನು ಬೇರೆ ಪೋರ್ಟಿಗೆ ಹಾಕಿದೆವು. ಡಿಸ್ಕುಗಳು ಬಂದವು, ನಾಲ್ಕು ಮದುವೆಯೂ ಇತ್ತು. ಒಂದು ಪೈಸೆ ಖರ್ಚಾಗಲಿಲ್ಲ.

ನಾವು ಮಾಡಬೇಕಾದ್ದು

1. ಎಸ್.ಪಿ. ರೋಡಿಗೆ ಹೋಗಿ ಕೊಳ್ಳುವ ಮುಂಚೆ ಬೋರ್ಡಿನ ಕೈಪಿಡಿಯಲ್ಲಿ ಸ್ಲಾಟುಗಳ ಪಟ್ಟಿ, ಅದರ ಕೆಳಗಿನ ಟಿಪ್ಪಣಿ ಎರಡನ್ನೂ ಓದಿ.
2. ಸ್ಲಾಟಿನ ಉದ್ದ ನೋಡಿ ನಂಬಬೇಡಿ. ಉದ್ದ 16 ಲೇನಿನದಾದರೂ ಒಳಗೆ 4 ಲೇನಿಗೆ ಮಾತ್ರ ತಂತಿ ಇರಬಹುದು.
3. ಗ್ರಾಫಿಕ್ಸ್ ಕಾರ್ಡನ್ನು ಪ್ರೊಸೆಸರಿಗೆ ಹತ್ತಿರದ ಉದ್ದ ಸ್ಲಾಟಿಗೇ ಹಾಕಿ. ಸಾಮಾನ್ಯವಾಗಿ ಪೂರ್ತಿ 16 ಲೇನು ಇರೋದು ಅದರಲ್ಲೇ.
4. ಹೊಸದು ಹಾಕಿದ ಮೇಲೆ ಹಳೆಯದು ಕಾಣದಿದ್ದರೆ, ಕೆಟ್ಟಿದೆ ಅನ್ನುವ ಮುಂಚೆ ಹೊಸದನ್ನು ತೆಗೆದು ನೋಡಿ.

ನಮ್ಮ ಶಾಲೆಯ ಕಂಪ್ಯೂಟರಿಗೂ ಇದೇ ಮಾತು. ಕೈಪಿಡಿ ಎಲ್ಲಿದೆ ಅಂತ ಗುರುಗಳು ಒಮ್ಮೆ ಹುಡುಕಿಸಿದರೆ, ಪಟ್ಟಿಯನ್ನು ಕನ್ನಡದಲ್ಲಿ ಬರೆದು ಇದೇ ಗೋಡೆಗೆ ಅಂಟಿಸೋಕೆ ನಾನು ಸಿದ್ಧ.