ಕ್ಯಾಪ್ಸೂಲ್ ಕಾಫಿ ಯಂತ್ರದ ಆಯ್ಕೆ

ಸ್ವಿಟ್ಜರ್ಲೆಂಡಿನ ನೆಸ್ಲೆ ಸಂಸ್ಥೆಯು 1986ರಲ್ಲಿ ನೆಸ್ಪ್ರೆಸ್ಸೊ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ವಿಧಾನದಲ್ಲಿ, ಸುಮಾರು 5ರಿಂದ 6 ಗ್ರಾಂ ಕಾಫಿಪುಡಿಯನ್ನು ಗಾಳಿಯಾಡದಂತೆ ಮುಚ್ಚಿದ ಪುಟ್ಟ ಅಲ್ಯೂಮಿನಿಯಂ ಡಬ್ಬಿಯನ್ನು, ಅಂದರೆ ಕ್ಯಾಪ್ಸೂಲನ್ನು, ಯಂತ್ರವು ಚುಚ್ಚಿ, ಅದರೊಳಗೆ ಬಿಸಿನೀರನ್ನು ಒತ್ತಡದಿಂದ ಹಾಯಿಸಿ ಸುಮಾರು 40 ಮಿಲಿಲೀಟರ್ ಗಟ್ಟಿ ಎಸ್ಪ್ರೆಸ್ಸೊ ಇಳಿಸುತ್ತದೆ.

ಯಂತ್ರವನ್ನು ಒಮ್ಮೆ ಕೊಂಡರೂ ಕ್ಯಾಪ್ಸೂಲಿನ ಖರ್ಚು ನಿತ್ಯದ್ದಾದ್ದರಿಂದ, ಕೊಳ್ಳುವವರು ಮೊದಲು ವಿಚಾರಿಸಬೇಕಾದದ್ದು ಯಂತ್ರದ ಬೆಲೆಯನ್ನಲ್ಲ, ಅದಕ್ಕೆ ಹೊಂದುವ ಕ್ಯಾಪ್ಸೂಲ್ ಊರಿನಲ್ಲಿ ಸುಲಭವಾಗಿ ಸಿಗುತ್ತದೆಯೇ ಎಂಬುದನ್ನು. ನೆಸ್ಪ್ರೆಸ್ಸೊದ ಹಳೆಯ 'ಒರಿಜಿನಲ್' ಮಾದರಿಗೆ ಬೇರೆ ತಯಾರಕರ ಕ್ಯಾಪ್ಸೂಲ್‌ಗಳೂ, ಮನೆಯ ಪುಡಿ ತುಂಬಬಹುದಾದ ಸ್ಟೀಲಿನ ಡಬ್ಬಿಗಳೂ ದೊರೆಯುತ್ತವೆ; 2014ರಲ್ಲಿ ಬಂದ 'ವರ್ಚುವೊ' ಮಾದರಿಯಾದರೋ ಕ್ಯಾಪ್ಸೂಲಿನ ಅಂಚಿನ ಬಾರ್‌ಕೋಡ್ ಓದಿ ನೀರಿನ ಪ್ರಮಾಣವನ್ನು ತಾನೇ ನಿರ್ಧರಿಸಿ, ಡಬ್ಬಿಯನ್ನು ನಿಮಿಷಕ್ಕೆ 7000 ಸುತ್ತುಗಳವರೆಗೆ ತಿರುಗಿಸುವುದರಿಂದ ಅಲ್ಲಿ ಆಯ್ಕೆಯ ಸ್ವಾತಂತ್ರ್ಯ ತೀರ ಕಡಿಮೆ.

ಪೆಟ್ಟಿಗೆಯ ಮೇಲೆ ಮುದ್ರಿತವಾದ 15 ಅಥವಾ 19 ಬಾರ್ ಎಂಬ ಒತ್ತಡದ ಅಂಕಿಗೆ ಮರುಳಾಗಬೇಕಿಲ್ಲ, ಏಕೆಂದರೆ ಎಸ್ಪ್ರೆಸ್ಸೊಗೆ ಸುಮಾರು 9 ಬಾರ್ ಸಾಕು. ಕ್ಯಾಪ್ಸೂಲಿನಿಂದ ಇಳಿಯುವುದು ಹಾಲಿಲ್ಲದ ಎಸ್ಪ್ರೆಸ್ಸೊ ಆದ್ದರಿಂದ, ಹಾಲು ಹಾಕಿದ, ಚಿಕೋರಿ ಬೆರೆತ ಫಿಲ್ಟರ್ ಕಾಫಿಯ ರುಚಿಗೆ ಒಗ್ಗಿದ ಕನ್ನಡದ ಮನೆಗಳಲ್ಲಿ ಹಾಲನ್ನು ಸಾಮಾನ್ಯವಾಗಿ ಬೇರೆಯಾಗಿಯೇ ಕಾಯಿಸಿಕೊಳ್ಳಬೇಕಾಗುತ್ತದೆ. ಬೋರ್‌ವೆಲ್‌ನ ಗಡಸು ನೀರು ಬಳಸಿದರಂತೂ ಒಳಗಿನ ಕೊಳವೆಗಳಲ್ಲಿ ಸುಣ್ಣ ಕಟ್ಟಿಕೊಳ್ಳುವುದರಿಂದ, ಶೋಧಿಸಿದ ನೀರನ್ನೇ ತುಂಬಿ, ತಯಾರಕರು ಹೇಳಿದ ಅವಧಿಗೊಮ್ಮೆ ಸುಣ್ಣ ಕರಗಿಸುವ ದ್ರಾವಣವನ್ನು ಹಾಯಿಸುವುದು ಅಗತ್ಯ.